ನಾನು ಗಾಡಿ ತೊಳೆದ ದಿನ

ಹೊಲಸು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಗಣೇಶಗುಡಿಯ ಶಾಲೆಯಲ್ಲಿ ನಾನು ಅಕ್ಕೋರು, ಮಕ್ಕಳಿಗೆ ಪಾಠ ಹೇಳುವವಳು. ಉಗುರು, ಕಿವಿ, ಪಾಟಿಚೀಲ ಎಲ್ಲ ನೋಡಿದ ಮೇಲೆಯೇ ಹಾಜರಿ ಕೂಗುತ್ತೇನೆ. ಒಲೆ ಒರೆಸದೆ ಒಂದು ದಿನವೂ ಮಲಗಿದವಳಲ್ಲ. ಇಂಥವಳ ಗಂಡನಿಗೆ ಒಂದು ಕಾರಿತ್ತು, ಅದನ್ನು ಅವರು ತೊಳೆಯುತ್ತಿರಲಿಲ್ಲ.

ತೊಳೆಯುತ್ತಿರಲಿಲ್ಲ ಎಂದರೆ ತೊಳೆಯುತ್ತಲೇ ಇರಲಿಲ್ಲ. ಮುಂದಿನ ಗಾಜು ಒರೆಸಿಕೊಂಡರೆ ಅವರ ಕೆಲಸ ಮುಗಿಯಿತು. ಕೊಂಡಾಗ ಬಿಳಿ ಬಣ್ಣದ ಕಾರು. ಹನ್ನೊಂದು ವರ್ಷದಲ್ಲಿ ಅದರ ಬಿಳುಪು ನೋಡಿದ ನೆನಪೇ ನನಗಿರಲಿಲ್ಲ. ಹಿಂದಿನ ಸೀಟಿನ ಮೇಲೆ ಎರಡು ಗೋಣಿಚೀಲ ಹಾಸಿರುತ್ತಿದ್ದರು. ಒಂದು ದಿನ ಅದರಿಂದ ಒಣಮೀನಿನ ವಾಸನೆ, ಇನ್ನೊಂದು ದಿನ ಹಸಿ ಸೌದೆಯದು. ಅವರು ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಕೆಲಸಕ್ಕಿದ್ದಾರೆ. ದಿನವೂ ಬೆಳಿಗ್ಗೆ ಎಂಟಕ್ಕೆ ಅದೇ ಗಾಡಿಯಲ್ಲಿ ಕಾಡಿನ ದಾರಿ ಹಿಡಿದು ಹೋಗುತ್ತಿದ್ದರು, ಸಂಜೆ ಇನ್ನಷ್ಟು ಕೆಸರು ಹೊತ್ತು ಬರುತ್ತಿದ್ದರು.

"ಗಾಡಿ ಇದ್ದವರೆಲ್ಲ ತೊಳೀತಾರ್ರೀ. ನಿಮಗೇನು ಕೈ ಸವೀತಾವೇನು?"

"ಇವತ್ತ ತೊಳದ್ರ ನಾಳಿಗೆ ಮತ್ತ ಹೊಲಸಾಗತೈತಿ."

"ಹಂಗಾರ ಊಟಾನೂ ಬಿಡ್ರಿ. ನಾಳಿಗೆ ಮತ್ತ ಹಸಿವಾಗತೈತಿ."

ನಕ್ಕು ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳುತ್ತಿದ್ದರು. ಆ ಮನುಷ್ಯನ ಹತ್ತಿರ ಜಗಳ ಆಡುವುದೂ ಒಂದೇ, ಗೋಡೆಯ ಹತ್ತಿರ ಆಡುವುದೂ ಒಂದೇ. ಶಾಲೆಯಲ್ಲಿ ಬಿಡುವಿನ ಹೊತ್ತಿಗೆ ಗಾಡಿ ಹೊಲಸು ಇಡುವವರ ಬಗ್ಗೆ ನಾನೇ ಒಂದು ಶಾಸ್ತ್ರ ಕಟ್ಟಿದ್ದೆ. ಕೆಲವರು ಹುಟ್ಟು ಸೋಮಾರಿಗಳು, ಕೆಲವರಿಗೆ ಮನೆಯಲ್ಲಿ ಹೇಳುವವರಿಲ್ಲ. ನಮ್ಮವರಿಗೆ ಹೇಳುವವಳಿದ್ದೂ ನಾಚಿಕೆ ಇಲ್ಲ. ಇಷ್ಟು ಹೇಳಿ ಎಲ್ಲರನ್ನೂ ನಗಿಸುತ್ತಿದ್ದೆ.

ಮುಂಡಗೋಡದಲ್ಲಿ ನನ್ನ ಅಣ್ಣನ ಮನೆ. ಅಣ್ಣನ ಕಾರು ಕನ್ನಡಿಯ ಹಾಗೆ ಇರುತ್ತದೆ. ಹೋದ ಸಲ ನಾವು ಹೋದಾಗ ಅವನ ಹೆಂಡತಿ, ನಮ್ಮ ವೈನಿ, ಬೀಗರ ಎದುರಿಗೇ ಕೇಳಿದ್ದಳು: "ಕಾರು ತಂದಿಯೋ, ಇಟ್ಟಂಗಿ ಭಟ್ಟಿ ಕಿತ್ಗೊಂಡ ಬಂದಿಯೋ?" ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ನನ್ನ ಗಂಡ. ಅದೇ ಮನೆಯಲ್ಲಿ ಈಗ ಅಣ್ಣನ ಮಗಳ ನಿಶ್ಚಯವಿತ್ತು. ಅವರಿಗೆ ರಜೆ ಸಿಗಲಿಲ್ಲ; ಅಂದು ಬೆಳಗಿನ ಪಾಳಿ. ಗಾಡಿ ನನಗೆ ಬಿಟ್ಟು ಪಕ್ಕದ ಮನೆಯವರ ಬೈಕಿನಲ್ಲಿ ಹೋಗುವುದೆಂದು ಮಾತಾಯಿತು. ಗಾಡಿ ಓಡಿಸಲು ನನಗೆ ಬರುತ್ತದೆ, ಅವರಿಗಿಂತ ಚೆನ್ನಾಗಿ.

ಹಿಂದಿನ ಸಂಜೆ ಚಹಾ ಕುಡಿಯುತ್ತ ಅವರು ಒಂದು ಮಾತು ಹೇಳಿದರು. ದಾಂಡೇಲಿ ದಾರಿಯಲ್ಲಿ ಒಂದು ದೊಡ್ಡ ಮತ್ತಿಮರವಿದೆ. ಅಲ್ಲಿಗೆ ಸಿದ್ದಿ ಜನರ ಕೇರಿಯಿಂದ ಕಾಲುದಾರಿ ಬಂದು ಕೂಡುತ್ತದೆ. ಕೇರಿ ಎರಡು ಮೈಲಿ ಒಳಗೆ. ಮೊಬೈಲಿಗೆ ರೇಂಜು ಇಲ್ಲ, ಗಾಡಿ ಹೋಗುವ ಹಾದಿ ಇಲ್ಲ.

"ಅಲ್ಲಿ ಒಬ್ಬಾಕಿ ಸೊಸಿಗೆ ದಿನ ತುಂಬ್ಯಾವ. ಹೋದ ಸಲ ಕೂಸು ಉಳೀಲಿಲ್ಲ, ಹಾದ್ಯಾಗಽ ಹೋತು. ಈ ಸಲ ಬ್ಯಾನಿ ಸುರು ಆದಕೂಡ್ಲೆ ಮರದ ಬುಡಕ ಬಂದು ಕೂಡ್ರಿ, ಎಂಟೂವರಿಗೆ ಗಾಡಿ ಬರತೈತಿ ಅಂತ ಹೇಳೇನಿ. ನಾಳೆ ನಾ ಇರೂದಿಲ್ಲ, ನೀ ಹಾದು ಹೋಗ್ತಿ. ಯಾರರ ಕೈ ಮಾಡಿದ್ರ ನಿಂದರ್ಸು. ಮರೀಬ್ಯಾಡ."

"ನಾ ಏನ್ ಕುರುಡಿ ಏನ್ರಿ?" ಎಂದೆ.

ಬೆಳಿಗ್ಗೆ ಐದಕ್ಕೆ ಅವರು ಹೊರಟುಹೋದರು. ನಾನು ಸೀರೆ ಎತ್ತಿ ಕಟ್ಟಿ, ನಲ್ಲಿಗೆ ಪೈಪು ಹಾಕಿ ನಿಂತೆ. ಅಯ್ಯಯ್ಯ, ಆ ಗಾಡಿಯಿಂದ ಬಂದ ಮಣ್ಣಿನಲ್ಲಿ ಒಂದು ಒಲೆ ಹಾಕಬಹುದಿತ್ತು! ಬಕೀಟಿನ ನೀರು ಚೆಲ್ಲಿದಷ್ಟೂ ಕೆಂಪು. ಸೋಪಿನ ಪುಡಿ, ತೆಂಗಿನ ನಾರು, ಹಳೇ ಲುಂಗಿ, ಏನು ಸಿಕ್ಕಿತೋ ಅದರಲ್ಲಿ ತಿಕ್ಕಿದೆ. ಗೋಣಿಚೀಲ ಎರಡನ್ನೂ ತುದಿಬೆರಳಲ್ಲಿ ಹಿಡಿದು ಹಿತ್ತಲಿಗೆ ಎಸೆದೆ. ಸೀಟು ತಿಕ್ಕಿ ಒರೆಸಿ ಊದುಬತ್ತಿ ಹಚ್ಚಿದೆ. ಎರಡು ತಾಸಿನ ಮೇಲೆ ಗಾಡಿ ಬೆಳ್ಳಗೆ ಹೊಳೆಯುತ್ತಿತ್ತು. ನನಗೆ ಎಷ್ಟು ಸಂತೋಷ ಆಯಿತೆಂದರೆ, ರೇಷ್ಮೆ ಸೀರೆ ಉಟ್ಟು, ಕರಿ ಕನ್ನಡಕ ಏರಿಸಿಕೊಂಡು, ಬೇಕೆಂದೇ ಪೇಟೆಯ ನಡುವೆ ನಿಧಾನ ಓಡಿಸಿದೆ.

ಮತ್ತಿಮರದ ಹತ್ತಿರ ಬಂದಾಗ ಸರಿಯಾಗಿ ಎಂಟೂವರೆ. ಮರದ ಕೆಳಗೆ ಐವತ್ತರ ಆಸುಪಾಸಿನ ಒಬ್ಬ ಹೆಂಗಸು ಕುಕ್ಕರಗಾಲಲ್ಲಿ ಕೂತು ರಸ್ತೆಯನ್ನೇ ನೋಡುತ್ತಿದ್ದಳು. ನಾನು ಗಾಡಿಯ ವೇಗ ಇಳಿಸಿದೆ. ಆಕೆ ಗಾಡಿ ನೋಡಿದಳು, ನನ್ನನ್ನು ನೋಡಿದಳು, ಥಟ್ಟನೆ ಎದ್ದಳು. ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಬೆನ್ನು ತಿರುಗಿಸಿ ಮರದ ಹಿಂದಕ್ಕೆ ಸರಿದಳು. ನಾನು ಇನ್ನೊಂದು ಗಳಿಗೆ ನೋಡಿದೆ. ಕೈ ಮಾಡಲಿಲ್ಲ. ಕೈ ಮಾಡಿದರೆ ನಿಲ್ಲಿಸು ಎಂದಿದ್ದರು, ಆಕೆ ಮಾಡಲಿಲ್ಲ. ಸೌದೆಗೆ ಬಂದವಳಿರಬೇಕು ಎಂದುಕೊಂಡು ಮುಂದೆ ಹೋದೆ.

ಅರಣ್ಯದವರ ಚೆಕ್‌ಪೋಸ್ಟ್ ಅಲ್ಲಿಂದ ಎಂಟು-ಒಂಬತ್ತು ಕಿಲೋಮೀಟರ್ ಮುಂದಿದೆ. ನಮ್ಮ ಗಾಡಿ ಕಂಡರೆ ಅಲ್ಲಿಯ ಗಾರ್ಡ್ ಕೂತಲ್ಲಿಂದಲೇ ಹಗ್ಗ ಎಳೆದು ಬೊಂಬು ಎತ್ತುವವನು. ಆ ದಿನ ಎದ್ದು ಬಂದ.

"ಯಾವ ರಿಸಾರ್ಟಿಂದ ಬಂದ್ರಿ ಮೇಡಂ? ಪ್ಲಾಸ್ಟಿಕ್ ಬಾಟ್ಲಿ ಏನರ ಒಗದೀರೇನು?"

ಕನ್ನಡಕ ತೆಗೆದೆ. ಅವನು ನಾಲಿಗೆ ಕಚ್ಚಿಕೊಂಡ. "ಅಯ್ಯ, ನೀವೇನ್ರಿ ಅಕ್ಕೋರ! ಗಾಡಿ ಗುರ್ತ ಹತ್ತಲಿಲ್ಲ ನೋಡ್ರಿ. ಟೂರಿಸ್ಟರು ಅಂದ್ಕೊಂಡೆ."

ನಾನು ಹೆಮ್ಮೆಯಿಂದ ನಕ್ಕೆ. ಬೊಂಬು ಮೇಲೆದ್ದಿತು, ಗಾಡಿ ನಾಲ್ಕು ಮಾರು ಮುಂದೆ ಹೋಯಿತು, ಅಷ್ಟರಲ್ಲಿ ಬ್ರೇಕು ಒತ್ತಿದೆ. ಗಾರ್ಡನಿಗೇ ಗುರುತು ಸಿಗಲಿಲ್ಲ ಎಂದರೆ ಆಕೆಗೆ ಹೇಗೆ ಸಿಗಬೇಕು? ನನ್ನ ತರಗತಿಯ ಸಿದ್ದಿ ಮಕ್ಕಳು ಎಷ್ಟೋ ಸಲ ಹೇಳಿದ್ದರು: ರಿಸಾರ್ಟಿನ ಗಾಡಿಗಳು ನಿಲ್ಲುತ್ತವೆ, ಗಾಜು ಇಳಿಯುತ್ತದೆ, ಮೊಬೈಲು ಹೊರಗೆ ಬರುತ್ತದೆ, ನಮ್ಮ ಗುಂಗುರು ಕೂದಲಿನ ಫೋಟೋ ತೆಗೆಯುತ್ತಾರೆ, ಅವ್ವನಿಗೆ ಕುಣಿ ಎನ್ನುತ್ತಾರೆ. ಹೊಳೆಯುವ ಗಾಡಿ ನಿಧಾನವಾದರೆ ಅಲ್ಲಿಯ ಹೆಂಗಸರು ಮುಖ ತಿರುಗಿಸುತ್ತಾರೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಕರಿ ಕನ್ನಡಕ ಹಾಕಿಕೊಂಡು ಗಾಡಿ ನಿಧಾನ ಮಾಡಿ ದಿಟ್ಟಿಸಿ ನೋಡಿದ್ದೆ.

ಗಾಡಿ ತಿರುಗಿಸಿದೆ. ಆ ದಾರಿಯಲ್ಲಿ ನಾನು ಅಷ್ಟು ಜೋರಾಗಿ ಎಂದೂ ಓಡಿಸಿದ್ದಿಲ್ಲ. ಮುಂದೆ ರಬ್ಬರು ದೋಣಿ ಹೇರಿಕೊಂಡ ಒಂದು ಗಾಡಿ ದಾರಿಯ ನಡುವೆಯೇ ಹೋಗುತ್ತಿತ್ತು. ಹಾರ್ನ್ ಹೊಡೆದೆ, ಬೈದೆ, ಕಿಟಕಿಯಿಂದ ಕೈ ಬೀಸಿ ಕೂಗಿದೆ. ಅದರ ಹಿಂದೆ ಕೂತ ಹುಡುಗರು ನನಗೆ ಟಾಟಾ ಮಾಡಿದರು. ಅವರ ಟಾಟಾಕ್ಕಿಷ್ಟು ಬೆಂಕಿ ಹಾಕ! ಫೋನು ತೆಗೆದರೆ ರೇಂಜಿಲ್ಲ. ಬ್ಯಾನಿ ಸುರುವಾಗಿರಲಿಕ್ಕಿಲ್ಲ, ಆಕೆ ಬೇರೆ ಯಾರೋ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಹಾದಿಯಲ್ಲೇ ಹೋಯಿತು ಎಂದು ಅವರು ಹೇಳಿದ್ದ ಕೂಸು ಮಾತ್ರ ತಲೆಯಿಂದ ಇಳಿಯಲಿಲ್ಲ.

ಮರದ ಕೆಳಗೆ ಯಾರೂ ಇರಲಿಲ್ಲ. ಗಾಡಿಯಿಂದ ಜಿಗಿದು ಕೂಗಿದೆ. ಉತ್ತರವಿಲ್ಲ. ಮತ್ತೆ ಕೂಗಿ ಕಿವಿಗೊಟ್ಟೆ. ಮರದ ಹಿಂದಿನ ಪೊದೆಯಲ್ಲಿ ಯಾರೋ ಬಾಯಿಗೆ ಬಟ್ಟೆ ಕಚ್ಚಿಕೊಂಡು ನರಳಿದ ಸದ್ದು. ನಾನು ಆ ಕಡೆ ಹೆಜ್ಜೆ ಇಟ್ಟದ್ದೇ ತಡ, ಅದೇ ಹೆಂಗಸು ಹೊರಗೆ ಬಂದಳು. ಕೈಯಲ್ಲಿ ಸೌದೆ ಕಡಿಯುವ ಕೊಯ್ತಾ ಇತ್ತು.

"ಮತ್ತ ಯಾಕ ಬಂದ್ರಿ? ಫೋಟೋ ಗೀಟೋ ಇಲ್ಲ ಇಲ್ಲಿ. ಹೋಗ್ರಿ!"

"ಫೋಟೋಕ್ಕಲ್ರೀ! ನಾ ಮಿಲ್ಲಿನವರ ಮನಿಯಾಕಿ. ಎಂಟೂವರಿಗೆ ಗಾಡಿ ಬರತೈತಿ ಅಂತ ನಿಮಗ ಹೇಳಿದ್ರಲ್ಲ, ಅವರ ಹೆಂಡ್ತಿ. ಸೊಸಿ ಎಲ್ಲಿ?"

ಆಕೆ ನನ್ನ ರೇಷ್ಮೆ ಸೀರೆ ನೋಡಿದಳು, ಗಾಡಿ ನೋಡಿದಳು. ಕೊಯ್ತಾ ಇಳಿಸಲಿಲ್ಲ.

"ಸುಳ್ಳ ಹೇಳಬ್ಯಾಡ್ರಿ. ಅವರದು ಕೆಂಪು ಗಾಡಿ."

ಕೆಂಪು ಗಾಡಿ! ಹನ್ನೊಂದು ವರ್ಷ ನಾನು ಹೊಲಸು ಹೊಲಸು ಎಂದು ಬೈದದ್ದನ್ನು ಈ ದಾರಿಯ ಜನ ಅದರ ಬಣ್ಣ ಎಂದುಕೊಂಡಿದ್ದರು. ಓಡಿಹೋಗಿ ಹಿಂದಿನ ಗಾಲಿಯ ಹತ್ತಿರ ಮಂಡಿಯೂರಿ ಕೂತೆ. ಗಾಲಿಯ ಮೇಲಿನ ಸಂದಿಗೆ ನನ್ನ ಪೈಪಿನ ನೀರು ಹೋಗಿರಲಿಲ್ಲ. ಕೈ ತೂರಿಸಿ ಉಗುರಿನಿಂದ ಗೆಬರಿ ಒಂದು ಹೆಂಟೆ ಕೆಮ್ಮಣ್ಣು ಕಿತ್ತು ಆಕೆಯ ಮುಂದೆ ಹಿಡಿದೆ.

"ಇದಽ ಅದು! ನಾ ತೊಳದೇನಿ, ಮುಂಜಾನೆ ನಾನಽ ತೊಳದೇನಿ. ನೋಡ್ರಿ, ನೋಡ್ರಿ ಇಲ್ಲಿ!"

ಆಕೆ ಹೆಂಟೆ ನೋಡಿದಳು, ಬಗ್ಗಿ ಗಾಲಿಯ ಸಂದಿ ನೋಡಿದಳು. ಕೊಯ್ತಾ ನೆಲಕ್ಕೆ ಬಿತ್ತು.

"ಅಯ್ಯೋ ದೇವರ... ನೀವು ಮೊದಲ ಬಂದಾಗ ಆಕೀ ಇಲ್ಲೇ ಇದ್ಲ್ರಿ. ನಾನಽ ಮರದ ಹಿಂದ ಬಚ್ಚಿಟ್ಟಿದ್ನಿ. ಬ್ಯಾನಿ ತಿನ್ನಾಕಿ ಫೋಟೋ ತಗದ್ರ ಹೆಂಗ ಅಂತ."

ಸೊಸೆ ಮರದ ಬೇರು ಹಿಡಿದು ಕೂತಿದ್ದಳು. ಇಪ್ಪತ್ತೆರಡರ ಮೇಲಿರಲಿಕ್ಕಿಲ್ಲ. ನೀರು ಹೋಗಿ ಸೀರೆ ತೊಯ್ದಿತ್ತು. ಇಬ್ಬರೂ ಹಿಡಿದು ಗಾಡಿಯವರೆಗೆ ತಂದೆವು. ಬಾಗಿಲು ತೆಗೆದರೆ ಅವಳು ಒಳಗೆ ಬಗ್ಗಿ ನೋಡಿ ನಿಂತುಬಿಟ್ಟಳು.

"ಚೀಲ ಎಲ್ಲಿ? ಗೋಣಿಚೀಲ ಇರ್ತಿತ್ತು."

ಅಷ್ಟು ನೋವಿನಲ್ಲಿ ಅವಳು ಕೇಳಿದ್ದು ಅದನ್ನು. ತಿಂಗಳ ತಪಾಸಣೆಗೆ ಇದೇ ಗಾಡಿಯಲ್ಲಿ ಹೋಗಿಬಂದವಳು. ಇಲ್ಲ ಎಂದೆ. ಅವಳು ಒಳಗೆ ಹತ್ತಿದಳು, ಆದರೆ ಕೂಡಲಿಲ್ಲ. ಮುಂದಿನ ಸೀಟು ಎರಡೂ ಕೈಯಲ್ಲಿ ಹಿಡಿದು ಅರ್ಧ ನಿಂತೇ ಇದ್ದಳು. "ಸೀಟು ಹೊಲಸಾಗತೈತ್ರಿ" ಎಂದಳು.

ನನಗೆ ಅಳು ಬಂತು, ಸಿಟ್ಟೂ ಬಂತು. ಸಿಟ್ಟು ನನ್ನ ಮೇಲೆ, ಬಿದ್ದದ್ದು ಅವಳ ಮೇಲೆ. "ಕುಂದರ್ ಅಂದ್ರ ಕುಂದರ್! ಹೊಲಸಾದ್ರ ಆಗವಲ್ದ್ಯಾಕ, ಸುಟ್ಟು ಬರಲಿ ನಿನ್ನ ಸೀಟು!" ಎಂದು ಶಾಲೆಯ ಗಂಟಲಲ್ಲಿ ಕಿರುಚಿದೆ. ಹೆದರಿ ಕೂತಳು.

ಗಾರ್ಡ್ ನಮ್ಮನ್ನು ಕಂಡು ಏನೂ ಕೇಳದೆ ಬೊಂಬು ಎತ್ತಿದ. ದಾಂಡೇಲಿಯ ಆಸ್ಪತ್ರೆಯಲ್ಲಿ ಅವಳನ್ನು ಸ್ಟ್ರೆಚರಿಗೆ ಇಳಿಸಿ ಒಳಗೆ ಒಯ್ದು ಹತ್ತು ನಿಮಿಷಕ್ಕೆ ಹೆರಿಗೆಯಾಯಿತು. ಹೆಣ್ಣು. ಅಳು ಕೇಳಲಿಲ್ಲ. ಬಹಳ ಹೊತ್ತಿನ ಮೇಲೆ ನರ್ಸ್ ಹೊರಗೆ ಬಂದು, ಕೂಸು ದಣಿದಿದೆ, ಉಸಿರು ಸರಿಯಾಗಿ ಹಿಡಿಯುತ್ತಿಲ್ಲ, ಸಂಜೆಯವರೆಗೆ ಏನೂ ಹೇಳಲಾಗದು ಎಂದಳು. ಅತ್ತೆ ಗೋಡೆಗೆ ಒರಗಿ ಕೂತಳು. ನಾನು ಪಕ್ಕದಲ್ಲಿ ಕೂತೆ. ಆಕೆ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನೆಮ್ಮದಿ ಆಗುತ್ತಿತ್ತು. ಮುಂಡಗೋಡದಿಂದ ವೈನಿಯ ಫೋನು ಮೂರು ಸಲ ಬಂತು. ನಾಲ್ಕನೆಯದಕ್ಕೆ ಬರುವುದಿಲ್ಲ ಎಂದು ಹೇಳಿ ಇಟ್ಟೆ.

ಮಿಲ್ಲಿಗೆ ಫೋನು ಮಾಡಿ ತಿಳಿಸಿದ್ದೆ; ಪಾಳಿ ಮುಗಿಸಿ ಎರಡೂವರೆಗೆ ನಮ್ಮವರು ಓಡುತ್ತ ಬಂದರು. ಹೊರಗೆ ಗಾಡಿಯ ಪಕ್ಕ ನಿಂತು ಎಲ್ಲ ಹೇಳಿದೆ. ಹೊರಗಿನಿಂದ ಅದು ಇನ್ನೂ ಬೆಳ್ಳಗಿತ್ತು. ಹಿಂದಿನ ಸೀಟು ರಕ್ತವಾಗಿತ್ತು.

"ಆ ಹಾದಿ ಮಂದಿಗೆ ಕೆಂಪು ಗಾಡಿ ಅಂದ್ರ ನಮ್ಮದು," ಎಂದರು. "ತೊಳದ ಗಾಡಿಗೆ ಯಾರೂ ಕೈ ಮಾಡಂಗಿಲ್ಲ. ಮಾಡಿದ್ರೂ ಒಳಗ ಕೂಡಾಕ ಅಂಜತಾರ. ಒಮ್ಮೆ ಒಬ್ಬ ಮುದುಕ ಚಪ್ಪಲಿ ಕೈಯಾಗ ಹಿಡಕೊಂಡು ಕುಂತಿದ್ದ. ಅವತ್ತಿಂದ ತೊಳ್ಯೂದು ಬಿಟ್ಟೆ."

"ಇದನ್ನ ನನಗ ಯಾಕ ಹೇಳಲಿಲ್ರಿ? ಹನ್ನೊಂದ ವರ್ಷ!"

ಅವರು ನನ್ನ ಮುಖ ನೋಡಿದರು. ದನಿ ಏರಿಸಲಿಲ್ಲ. "ಯಾಕ ತೊಳ್ಯಂಗಿಲ್ಲ ಅಂತ ನೀ ಒಮ್ಮೆನೂ ಕೇಳಿಲ್ಲ. ತೊಳೀರಿ ಅಂತ ಬೈದಿ, ಅಷ್ಟ."

ನಾನು ಒಳಗೆ ಹೋಗಿ ಮತ್ತೆ ಅತ್ತೆಯ ಪಕ್ಕದಲ್ಲಿ ಕೂತೆ. ಐದು ಗಂಟೆಗೆ ನರ್ಸ್ ಕರೆದಳು. ಕೂಸು ಅತ್ತಿತ್ತು, ಎದೆಗೆ ಹಚ್ಚಿದರೆ ಹಾಲು ಎಳೆದಿತ್ತು. ಅತ್ತೆ ನನ್ನ ಕೈ ಹಿಡಿದು ಜೋರಾಗಿ ಅಳಲು ಶುರುಮಾಡಿದಳು. ನಾನೂ ಅತ್ತುಬಿಟ್ಟೆ.

ಬಾಣಂತಿಯನ್ನು ಆಸ್ಪತ್ರೆಯಿಂದ ಬಿಟ್ಟ ದಿನ ಕರೆದೊಯ್ಯಲು ನಾನೇ ಹೋದೆ. ರಕ್ತದ ಕಲೆ ತೊಳೆದಿದ್ದೆ, ಅದನ್ನು ಬಿಡಲಾಗುತ್ತದೆಯೇ? ಆಮೇಲೆ ಹಿತ್ತಲಲ್ಲಿ ಎಸೆದ ಗೋಣಿಚೀಲ ಹುಡುಕಿ ಒಣಗಿಸಿ ಸೀಟಿಗೆ ಹಾಸಿದೆ. ದಾರಿಯಲ್ಲಿ ಮಳೆನೀರು ನಿಂತ ಒಂದು ಕೆಮ್ಮಣ್ಣಿನ ಅಡ್ಡಹಾದಿ ಕಂಡಿತು. ಹಿಂದೆ ಮುಂದೆ ಯಾರೂ ಇಲ್ಲದ್ದು ನೋಡಿಕೊಂಡು ಅದರಲ್ಲಿ ಮೂರು ಸಲ ಹೋಗಿಬಂದೆ. ಗಾಜಿನವರೆಗೂ ಕೆಸರು ಹಾರಿತು. ಕೈ ಮಾತ್ರ ಒರೆಸುವ ಬಟ್ಟೆಯ ಕಡೆಗೆ ತಾನಾಗಿ ಹೋಗುತ್ತಿತ್ತು. ಹಲ್ಲು ಕಚ್ಚಿ ತಡೆದೆ.

ಆಸ್ಪತ್ರೆಯ ಗೇಟಿನಲ್ಲಿ ಅತ್ತೆ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ನಾನಿನ್ನೂ ದೂರದ ತಿರುವಿನಲ್ಲಿದ್ದೆ. ಆಕೆ ಗಾಡಿ ಕಂಡಕೂಡಲೇ ಒಂದು ಕೈ ಮೇಲೆತ್ತಿದಳು. ಸೊಸೆ ಬಾಗಿಲು ತೆಗೆದು ಚೀಲ ಮುಟ್ಟಿ ನೋಡಿದಳು, ಹತ್ತಿ ಕೂತಳು, ಹಿಂದಕ್ಕೆ ಒರಗಿ ಕಾಲು ಚಾಚಿದಳು. ಚೆಕ್‌ಪೋಸ್ಟ್ ಬರುವ ಮೊದಲೇ ಅವಳಿಗೆ ನಿದ್ದೆ ಹತ್ತಿತ್ತು.