ಕುದುರೆಗೆ ಕಿವಿಗೊಡುವ ನ್ಯಾನಿ ರಾಹೇರಾ

ಆ ಬೆಳಗ್ಗೆ ನಾನು ಬೇಲಿಯ ತನಕ ಮೂರು ಸಲ ಹೋಗಿ ಬಂದೆ. ಮೊದಲ ಸಲ ಬಟ್ಟೆ ಒಣಹಾಕುವ ನೆಪ. ಎರಡನೆಯ ಸಲ ಅದು ಒಣಗಿದೆಯೇ ಎಂದು ನೋಡುವ ನೆಪ. ಹಾಕಿ ಐದು ನಿಮಿಷವೂ ಆಗಿರಲಿಲ್ಲ. ಮೂರನೆಯ ಸಲಕ್ಕೆ ನೆಪವೇ ಉಳಿದಿರಲಿಲ್ಲ. ಮಗಳು ಮಿರೊಳ ಪುಟ್ಟ ಕುದುರೆ ಪುಕು ಸರಿಯಾಗಿ ನಿಂತಿಲ್ಲ ಎಂಬ ಅನುಮಾನ ತಲೆ ಹೊಕ್ಕಿತ್ತು, ಹೊರಗೆ ಹೋಗಲು ಒಲ್ಲೆ ಎನ್ನುತ್ತಿತ್ತು. ಮುಂಗಾಲೆರಡನ್ನೂ ಮುಂದಕ್ಕೆ ಚಾಚಿ, ಮೈಭಾರವನ್ನೆಲ್ಲ ಹಿಂದಕ್ಕೆ ಹಾಕಿ, ಯಾರೋ ಹಗ್ಗ ಹಿಡಿದು ಎಳೆಯುತ್ತಿದ್ದಾರೆ, ತಾನು ಬರುವುದಿಲ್ಲ ಎಂದು ಹಟ ಹಿಡಿದ ಹಾಗೆ ಅದು ನಿಂತಿತ್ತು. ಎಳೆಯುವವರು ಯಾರೂ ಇರಲಿಲ್ಲ.

"ಮನಾಹಿ, ಒಂದು ನಿಮಿಷ ಬಂದು ನೋಡು," ಎಂದು ಗಂಡನನ್ನು ಕರೆದೆ. ಅವನು ಅಂಗಳದಲ್ಲಿ ಬಲೆ ತೊಳೆಯುತ್ತಿದ್ದ.

"ಆಂಬುಲೆನ್ಸ್ ಹೊರಡ್ತಪ್ಪ, ದಾರಿ ಬಿಡಿ," ಎಂದ, ತಲೆ ಎತ್ತದೆ.

ಆಂಬುಲೆನ್ಸ್ ಎಂಬುದು ವೈಪೂನಾದಲ್ಲಿ ನನ್ನ ಹೆಸರು. ಮೂರು ವರ್ಷದ ಹಿಂದೆ ಆಕ್ಲೆಂಡಿನಿಂದ ಗಂಡನ ಊರಾದ ಈ ಕಡಲ ದಂಡೆಗೆ ಬಂದಾಗ ನನಗೆ ಕುದುರೆ ಎಂದರೆ ಚಿತ್ರದ ಪುಸ್ತಕದಲ್ಲಿ ಇರುವುದು. ಇಲ್ಲಿ ಅವು ರಸ್ತೆಯ ಮೇಲಿದ್ದವು, ಅಂಗಡಿಯ ಮುಂದಿದ್ದವು, ಒಮ್ಮೆ ನಮ್ಮ ಅಡುಗೆಮನೆಯ ಕಿಟಕಿಯೊಳಗೂ ಒಂದು ಇತ್ತು, ಅರ್ಧ. ಬಂದ ವಾರದಲ್ಲೇ ಬಿಸಿಲಿಗೆ ಕಾಲು ಚಾಚಿ ಮಲಗಿದ್ದ ಕುದುರೆಯೊಂದನ್ನು ಸತ್ತಿದೆ ಎಂದುಕೊಂಡು ಗಿಸ್ಬೋರ್ನಿನ ಪಶುವೈದ್ಯರಿಗೆ ಫೋನು ಮಾಡಿದ್ದೆ. ಮಾತು ಮುಗಿಯುವ ಮೊದಲೇ ಅದು ಎದ್ದು ಮೈ ಕೊಡವಿತು. ಇನ್ನೊಮ್ಮೆ ಒಂದು ಗಂಡುಕುದುರೆ ಮೇಲ್ದುಟಿ ಮಡಚಿ ಹಲ್ಲು ಬಿಟ್ಟು ಆಕಾಶ ನೋಡುತ್ತಿತ್ತು. ಪಾರ್ಶ್ವವಾಯು ಬಡಿಯಿತು ಎಂದು ಮತ್ತೆ ಫೋನು ಮಾಡಿ ಹೇಳಿದೆ. ಅದು ಯಾವುದೋ ಹೆಣ್ಣುಕುದುರೆಯ ವಾಸನೆ ಹಿಡಿಯುತ್ತಿದೆ ಎಂದು ಪಶು ಆಸ್ಪತ್ರೆಯಲ್ಲಿ ಫೋನು ಎತ್ತುವ ಲೊರೇನ್ ವಿವರಿಸುವಾಗ ಅವಳ ಹಿಂದೆ ಇನ್ನೂ ಇಬ್ಬರು ನಗುವುದು ನನಗೆ ಕೇಳಿಸಿತು. ಮೂರನೆಯದು ಪುಕುವಿನದೇ. ಹಿಂಗಾಲು ಒಂದನ್ನು ಮಡಚಿ ನಿಂತಿತ್ತು, ಕಾಲು ಮುರಿದಿದೆ ಎಂದೆ. ಕುದುರೆಗಳು ದಣಿವಾರಿಸಿಕೊಳ್ಳುವುದೇ ಹಾಗಂತೆ. ಅಂದಿನಿಂದ ಆ ನಂಬರನ್ನು ಮುಟ್ಟುವುದಿಲ್ಲ ಎಂದು ನಾನು ಆಣೆ ಮಾಡಿಕೊಂಡಿದ್ದೆ.

ಇಷ್ಟಾದರೂ ನಗದೆ ಇದ್ದವರು ಒಬ್ಬರೇ, ನ್ಯಾನಿ ರಾಹೇರಾ. ಸುಳ್ಳು ಹೇಳಬಾರದು, ಅವರೂ ನಕ್ಕರು. ಆದರೆ ನಕ್ಕಾದ ಮೇಲೆ ಪಕ್ಕಕ್ಕೆ ಕರೆದು, ಮುಂದಿನ ಸಲ ಎಲ್ಲಿ ನೋಡಬೇಕು ಎಂದು ಹೇಳಿಕೊಟ್ಟರು.

ನ್ಯಾನಿ ಎಂದರೆ ಇಲ್ಲಿ ಅಜ್ಜಿ, ಅವರು ನನ್ನ ಗಂಡನ ಅಜ್ಜಿಯ ತಂಗಿ. ಎಪ್ಪತ್ತಾರು ವರ್ಷ. ಸೊಂಟ ಬಗ್ಗಿದೆ, ಆದರೆ ಕುದುರೆ ಹತ್ತಿದ ಕೂಡಲೇ ಬೆನ್ನು ನೆಟ್ಟಗಾಗುತ್ತದೆ. ಜೀನು ಹಾಕುವುದಿಲ್ಲ, ಒಂದು ಹಳೆಯ ಗೋಣಿ ಸಾಕು. ನಮ್ಮ ಮೊದಲ ಭೇಟಿ ನಡೆದದ್ದು ಹೊಸಿಲಲ್ಲಿ. ಬಾಗಿಲು ತಟ್ಟಿ, ನಮಸ್ಕಾರಕ್ಕೂ ಮೊದಲು ಕೇಳಿದ್ದರು:

"ಹಿನೆ, ನಿನ್ನ ಮಗೂಗೆ ಹಾಕೋ ಡೈಪರ್ ಇದ್ರೆ ನಾಲ್ಕು ಕೊಡು."

ಹಿನೆ ಎಂದರೆ ಹುಡುಗಿ. ಇಲ್ಲಿ ಹಿರಿಯರು ನನ್ನಂಥವರನ್ನು ಕರೆಯುವುದೇ ಹಾಗೆ. ಮಿರೊಗೆ ಆಗ ಎರಡು ವರ್ಷ. "ಯಾವ ಅಳತೆ ಬೇಕು ನ್ಯಾನಿ? ಮಗು ಎಷ್ಟು ದೊಡ್ಡದು?" ಎಂದೆ.

"ನಾನೂರು ಕಿಲೋ ಇರಬಹುದು."

ಗೊರಸಿನೊಳಗೆ ಕೀವು ಕಟ್ಟಿದ ಕುದುರೆಗೆ ಬಿಸಿ ತವಡಿನ ಪಟ್ಟು ಹಾಕಿ, ಮೇಲೆ ಡೈಪರ್ ಸುತ್ತಿ, ಅಂಟುಪಟ್ಟಿ ಬಿಗಿದರೆ ಎರಡು ದಿನ ಬಿಚ್ಚಿಹೋಗುವುದಿಲ್ಲವಂತೆ. ಮೂರನೆಯ ದಿನ ಕೀವು ಒಡೆದು ಆ ಕುದುರೆ ಕುಂಟದೆ ನಮ್ಮ ಮನೆಯ ಮುಂದೆ ಹಾದುಹೋಯಿತು. ನ್ಯಾನಿ ಮೇಲಿನಿಂದ ಕೂಗಿ ಹೇಳಿದರು: "ನಿನ್ನ ಮಗಳು ಬೇಗ ಕಲಿತುಬಿಟ್ರೆ ನಂಗೆ ಕಷ್ಟ ಕಣೆ, ಡೈಪರ್ ಬಿಡಿಸ್ಬೇಡ!"

ಇದನ್ನೆಲ್ಲ ಅವರು ಯಾವ ಶಾಲೆಯಲ್ಲೂ ಕಲಿತವರಲ್ಲ. ಹನ್ನೊಂದನೆಯ ವಯಸ್ಸಿಗೆ ಕುದುರೆಯ ಎರಡು ಬದಿಗೆ ಕೆನೆಯ ಡಬ್ಬ ಕಟ್ಟಿಕೊಂಡು, ಎರಡು ಹೊಳೆ ದಾಟಿ ಬೆಣ್ಣೆ ಕಾರ್ಖಾನೆಗೆ ಮುಟ್ಟಿಸುತ್ತಿದ್ದರು. ದಾರಿಯಲ್ಲಿ ಕುದುರೆಗೆ ಏನಾದರೂ ಆದರೆ ಕೆನೆ ಹುಳಿಯಾಗುತ್ತಿತ್ತು, ಅಪ್ಪನ ಮುಖವೂ ಹುಳಿಯಾಗುತ್ತಿತ್ತು. ಹಾಗಾಗಿ ಏನಾಗುತ್ತದೆ ಎಂದು ಮೊದಲೇ ಗುರುತಿಸುವುದನ್ನು ಕಲಿತರು. ಆಮೇಲೆ ಗಂಡನ ಜೊತೆ ಗುಡ್ಡಗಳಲ್ಲಿ ಕುರಿಮಂದೆ ಅಟ್ಟುತ್ತ ನಲವತ್ತು ವರ್ಷ. ಗಂಡ ಹೋದ ಮೇಲೂ ಊರಿನ ಪ್ರತಿ ಕುದುರೆಯ ಹೊಟ್ಟೆಗೆ ಅವರು ಕಿವಿ ಇಟ್ಟವರೇ.

ಕಿವಿ ಇಡುವುದು ಮಾತಿಗೆ ಹೇಳಿದ್ದಲ್ಲ. ಹೊಟ್ಟೆನೋವಿನ ಕುದುರೆ ಪಕ್ಕೆಯನ್ನು ತಿರುಗಿ ತಿರುಗಿ ನೋಡುತ್ತದೆ, ಕಾಲು ಕೆರೆಯುತ್ತದೆ, ಮಲಗಿ ಎದ್ದು ಮಲಗುತ್ತದೆ. ಆಗ ನ್ಯಾನಿ ಅದರ ಪಕ್ಕೆಗೆ ಕೆನ್ನೆ ಒತ್ತಿ ಕಣ್ಣು ಮುಚ್ಚುತ್ತಾರೆ. "ಒಳಗೆ ಗುಡುಗ್ತಾ ಇದ್ರೆ ನಾನು ಮನೆಗೆ ಹೋಗಿ ಚಹಾ ಕುಡೀತೀನಿ. ಸದ್ದೇ ಇಲ್ಲ ಅಂದ್ರೆ ಡಾಕ್ಟರಿಗೆ ಓಡ್ತೀನಿ," ಎನ್ನುತ್ತಾರೆ. ಒಸಡಿನ ಮೇಲೆ ಹೆಬ್ಬೆಟ್ಟು ಒತ್ತಿ, ಬಿಟ್ಟು, ಎರಡು ಎಣಿಸುವುದರೊಳಗೆ ಕೆಂಪು ಮರಳಿತೇ ಎಂದು ನೋಡುತ್ತಾರೆ. ಪ್ರತಿಫಲ ಎಂದು ಕೇಳುವುದು ಚಹಾ, ಮೂರು ಚಮಚ ಸಕ್ಕರೆ, ಮತ್ತು ಯಾರಾದರೊಬ್ಬರ ಮನೆಯ ಗುಟ್ಟು.

ಆ ಬೆಳಗ್ಗೆ ಅವರು ಬಂದದ್ದು ಮಿರೊಳ ದೆಸೆಯಿಂದ. ಐದು ವರ್ಷದ ಹುಡುಗಿ, ಶಾಲೆಗೆ ರಜೆ, ಪುಕುವಿನ ಮೇಲೆ ಕೂತು ಮರಳದಂಡೆಗೆ ಹೋಗುವ ಹುರುಪು. ಹಗ್ಗ ಹಿಡಿದು ಎಳೆದಳು. ಪುಕು ಒಂದೇ ಒಂದು ಹೆಜ್ಜೆ ಇಟ್ಟಿತು, ಬರಿಗಾಲಲ್ಲಿ ಜಲ್ಲಿಯ ಮೇಲೆ ನಡೆಯುವವರು ಇಡುತ್ತಾರಲ್ಲ, ಹಾಗೆ. ಮತ್ತೆ ನಿಂತಿತು. ಅಷ್ಟೇ ಸಾಕಾಯಿತು, ಮಿರೊ ಬೇಲಿ ನುಸುಳಿ ಪಕ್ಕದ ಮನೆಗೆ ಓಡಿ, "ನ್ಯಾನಿ! ಪುಕುಗೆ ಕಾಲು ಚುಚ್ತಾ ಇದೆ!" ಎಂದು ಕೂಗಿದಳು. ನನಗೆ ಇಡೀ ಬೆಳಗ್ಗೆ ಹೇಳಲು ಬಾರದೆ ಇದ್ದ ಮಾತು ಅದು.

ನ್ಯಾನಿ ಬಂದು ದೂರದಲ್ಲೇ ನಿಂತರು. ಮೊದಲು ಪುಕುವನ್ನು ನೋಡಿದರು. ಆಮೇಲೆ ನನ್ನನ್ನು.

"ಯಾವಾಗಿನಿಂದ ಹೀಗಿದೆ?"

"ನಿನ್ನೆ ಸಂಜೆಯಿಂದ ಅನುಮಾನ, ನ್ಯಾನಿ."

"ಮತ್ತೆ ಯಾಕೆ ಕರೀಲಿಲ್ಲ?"

"ಎಲ್ರೂ ನಗ್ತಾರೆ ಅಂತ."

"ನಕ್ರೆ ನಗ್ಲಿ! ನಗೋರ ಹಲ್ಲು ಉದುರುತ್ತೆ, ನಿಂದೇನು ಹೋಗುತ್ತೆ? ಹತ್ತು ಸಲ ಸುಮ್ಮಸುಮ್ನೆ ಕರಿ, ಹತ್ತು ಸಲ ಬಂದು ನಿನ್ನ ಚಹಾ ಕುಡೀತೀನಿ. ಬಾ ಇಲ್ಲಿ, ಕೈ ಕೊಡು."

ನನ್ನ ಬೆರಳು ಹಿಡಿದು ಪುಕುವಿನ ಗೊರಸಿನ ಮೇಲೆ ಇಟ್ಟರು. ಒಲೆಯಿಂದ ಇಳಿಸಿ ಸ್ವಲ್ಪ ಹೊತ್ತಾದ ಪಾತ್ರೆಯ ಹಾಗೆ ಬೆಚ್ಚಗಿತ್ತು. ಬಳಿಕ ಗೊರಸಿನ ಮೇಲಿನ ಗಂಟಿನ ಹಿಂಬದಿಗೆ ಬೆರಳನ್ನು ಜಾರಿಸಿದರು. "ಇಲ್ಲಿ. ಒತ್ಬೇಡ, ಸುಮ್ನೆ ಇಡು. ಏನ್ ಕೇಳುತ್ತೆ?"

ಟಪ್, ಟಪ್, ಟಪ್. ಬೆರಳ ತುದಿಯನ್ನು ಯಾರೋ ಒಳಗಿನಿಂದ ತಟ್ಟುತ್ತಿದ್ದರು.

"ಒಳ್ಳೇ ಕುದುರೇಲಿ ಇದನ್ನ ಹುಡುಕ್ಬೇಕು. ಇಲ್ಲಿ ತಾನೇ ಬಂದು ಬಾಗಿಲು ಬಡೀತಿದೆ. ಗೊರಸಿನ ಒಳಗೆ ಬಾವು ಬಂದಿದೆ ಹಿನೆ. ಹೊರಗೆ ಗಟ್ಟಿ ಚಿಪ್ಪು, ಒಳಗೆ ಊದೋಕೆ ಜಾಗ ಎಲ್ಲಿದೆ? ಅದಕ್ಕೇ ಪಾಪ, ಹಿಮ್ಮಡಿ ಮೇಲೆ ಭಾರ ಹಾಕಿ ನಿಂತಿದೆ." ಅವರು ಪುಕುವಿನ ಕುತ್ತಿಗೆಯ ಮೇಲೆ, ಕೂದಲಿನ ಬುಡದಲ್ಲಿದ್ದ ಕೊಬ್ಬಿನ ದಿಂಡನ್ನು ಅಲುಗಿಸಲು ನೋಡಿದರು. ಅದು ಅಲುಗಲಿಲ್ಲ. "ನೋಡು, ಮರದ ಹಾಗಿದೆ. ಹಿಂಗಾಗೋ ತನಕ ಏನ್ ತಿನ್ಸಿದ್ದೀಯ?"

ನಾನು ಹುಲ್ಲು ತೋರಿಸಿದೆ. ಅದು ಅರ್ಧ ನಿಜ. ಊರಿನ ಕುದುರೆಗಳು ರಸ್ತೆ ಬದಿಯಲ್ಲಿ ಅಲೆಯುತ್ತ ಮೇಯುತ್ತವೆ. ಪುಕುವಿಗೆ ಕಾರು ಬಡಿದೀತು ಎಂಬ ಭಯಕ್ಕೆ ನಾನು ಅದನ್ನು ಮನೆಯ ಪಕ್ಕದ ಬೇಲಿಯೊಳಗೆ ಇರಿಸಿದ್ದೆ. ಅಲ್ಲಿ ವಸಂತದ ಹುಲ್ಲು ಮೊಣಕಾಲೆತ್ತರ.

"ತಿಂದಿದ್ದು ಹೆಚ್ಚಾದ್ರೆ ಗೊರಸಿಗೇ ಇಳಿಯುತ್ತೆ. ನಮ್ಮವು ನಾಲ್ಕು ಮೈಲಿ ನಡೆದು ನಾಲ್ಕು ಬಾಯಿ ತಿಂತವೆ. ನಿಂದಕ್ಕೆ ದಿನಾ ಮದುವೆ ಊಟ," ಎಂದರು ನ್ಯಾನಿ. ಮದುವೆ ಊಟ ಎಂಬ ಮಾತು ಕೇಳಿ ನಾನು ಒಣಹಾಕಿದ ಬಟ್ಟೆಯ ಕಡೆ ತಿರುಗಿಕೊಂಡೆ.

ಹೋದ ಶನಿವಾರ ನಮ್ಮ ಮರಾಯೆಯಲ್ಲಿ, ಎಂದರೆ ಊರವರೆಲ್ಲರ ಕೂಡುಮನೆಯಲ್ಲಿ, ಮದುವೆಯೊಂದು ನಡೆದಿತ್ತು. ಮುನ್ನೂರು ಜನ ಬಂದರು, ನಾನೂರು ಜನಕ್ಕೆ ಅಡುಗೆಯಾಯಿತು. ಮುಗಿದ ಮೇಲೆ ಉಳಿದದ್ದನ್ನು ಚೀಲಗಳಿಗೆ ತುಂಬಿ ಬಾಗಿಲಲ್ಲಿ ಪ್ರತಿ ಮನೆಗೂ ಕೊಡುವುದು ಪದ್ಧತಿ. ಬೇಡ ಎನ್ನುವ ಹಾಗಿಲ್ಲ, ತಂದು ಎಸೆಯುವ ಹಾಗಂತೂ ಇಲ್ಲವೇ ಇಲ್ಲ. ನನ್ನ ಚೀಲಕ್ಕೆ ನ್ಯಾನಿಯ ಕೈಯಾರೆ ಮಾಡಿದ ಬ್ರೆಡ್ಡು ಬಿತ್ತು. ಆಲೂಗಡ್ಡೆ ಹುಳಿ ಬರಿಸಿ, ಆ ಹುಳಿಯಲ್ಲಿ ಹಿಟ್ಟು ಕಲಸಿ, ಗುಂಡಗೆ ಸುಟ್ಟ ದಪ್ಪ ಬ್ರೆಡ್ಡುಗಳು. ಒಂದೆರಡಲ್ಲ, ಎಂಟು. ಮೂವರು ಎಷ್ಟು ತಿನ್ನುವುದು? ಸೋಮವಾರಕ್ಕೆ ಎರಡು ಮುಗಿದಿತ್ತು, ಉಳಿದವು ಕಲ್ಲಾಗಿದ್ದವು. ಸಂಜೆ ಸಂಜೆ ಯಾರೂ ನೋಡದ ಹೊತ್ತಿಗೆ ಒಂದೊಂದಾಗಿ ಪುಕುವಿಗೆ ಕೊಟ್ಟೆ. ಅದು ಎಷ್ಟು ಮರ್ಯಾದೆಯಿಂದ ತಿಂದಿತು ಎಂದರೆ ನನಗೆ ಪುಣ್ಯ ಮಾಡಿದ ಹಾಗೆ ಅನಿಸಿತ್ತು. ಅದರ ಹೊಟ್ಟೆ ದಪ್ಪಗಾಗುವುದು ಯಾರಿಗೂ ವಿಶೇಷವಾಗಿ ಕಾಣಲಿಲ್ಲ. ಪುಕು ಎಂದರೆ ಇಲ್ಲಿನವರ ಮಾತಿನಲ್ಲಿ ಹೊಟ್ಟೆಯೇ.

ಈಗ ಅದನ್ನು ಯಾರ ಮುಂದೆ ಹೇಳಲಿ? ಬ್ರೆಡ್ಡು ಮಾಡಿದ ಕೈಯೇ ಹಗ್ಗ ಹಿಡಿದು ನಿಂತಿತ್ತು.

"ಇದು ಉಳಿಯುತ್ತಾ, ನ್ಯಾನಿ?" ಎಂದಷ್ಟೇ ಕೇಳಿದೆ, ಮಿರೊಗೆ ಕೇಳಿಸದ ಹಾಗೆ.

"ಒಳಗಿನ ಮೂಳೆ ಜರುಗೋ ಮೊದ್ಲು ಹಿಡಿದ್ರೆ ಉಳಿಯುತ್ತೆ. ಜರುಗಿದ್ರೆ..." ಅವರು ಅಂಗಳದ ಕಡೆ ತಿರುಗಿದರು. "ಮನಾಹಿ! ಆ ಬಲೆ ಬಿಸಾಕು. ಮೀನಿನ ಪೆಟ್ಟಿಗೇಲಿ ಮಂಜುಗಡ್ಡೆ ಎಷ್ಟಿದೆ?"

"ತುಂಬಾ ಇದೆ ನ್ಯಾನಿ, ಆದ್ರೆ ಮೀನು..."

"ಮೀನು ಸತ್ತಾಗಿದೆ, ಅದಕ್ಕೇನು ಅರ್ಜೆಂಟು? ತಗೊಂಡ್ ಬಾ!"

ಮಿರೊ ಕೂಸಾಗಿದ್ದಾಗಿನ ಗುಲಾಬಿ ಬಣ್ಣದ ಸ್ನಾನದ ತೊಟ್ಟಿ ಹೊರಗೆ ಬಂತು. ಪುಕುವನ್ನು ನಡೆಸಬಾರದು ಎಂದು ನ್ಯಾನಿ ಅದು ನಿಂತ ಜಾಗಕ್ಕೇ ಎಲ್ಲವನ್ನೂ ತರಿಸಿದರು. ಒಂದೊಂದೇ ಕಾಲು ಎತ್ತಿ ತೊಟ್ಟಿಯೊಳಗೆ ಇಳಿಸಿ, ನೀರು ಸುರಿದು, ಮೀನಿನ ವಾಸನೆಯ ಮಂಜು ತುಂಬಿಸಿದರು. ಪುಕು ಒಮ್ಮೆ ಬೆಚ್ಚಿತು. ಆಮೇಲೆ ಅದರ ಕಿವಿಗಳು ಸಡಿಲವಾದವು, ಉಸಿರು ಉದ್ದವಾಯಿತು. ಗುಲಾಬಿ ತೊಟ್ಟಿಯಲ್ಲಿ ಬಾತುಕೋಳಿಯ ಚಿತ್ರದ ಮೇಲೆ ಕಾಲಿಟ್ಟು ನಿಂತ ಕುದುರೆಯನ್ನು ನೋಡಿ ಮಿರೊ ಚಪ್ಪಾಳೆ ತಟ್ಟಿದಳು, ಸೋಪು ತರಲೇ ಎಂದು ಕೇಳಿದಳು. ಮನಾಹಿ ಸಲಿಕೆ ಹಿಡಿದು ಸುತ್ತ ಮೆತ್ತಗೆ ಮರಳು ಹರಡಿದ. ಒಣಹುಲ್ಲನ್ನು ನೀರಲ್ಲಿ ನೆನೆಹಾಕಿ ಅದರ ಸಿಹಿ ತೆಗೆಯಲು ನ್ಯಾನಿ ನನಗೆ ಹೇಳಿದರು. ಹಸಿರು ಹುಲ್ಲು ಇನ್ನು ಒಂದು ಎಸಳೂ ಇಲ್ಲ.

ಅರ್ಧ ಗಂಟೆಯ ಬಳಿಕ ಪುಕು ನನ್ನ ತೋಳನ್ನು ಮೂಗಿನಿಂದ ದೂಡಿತು. ನನಗೆ ಅಳು ಬಂತು, ನಗುವೂ ಬಂತು.

"ವಾಸಿ ಆಯ್ತಾ ನ್ಯಾನಿ?"

"ಎಲ್ಲಿಂದ? ತಂಪು ಮಾಡಿದ್ದೀನಿ ಅಷ್ಟೇ. ನನ್ನ ಕೈಲಿ ಆಗೋದು ಇಲ್ಲಿಗೆ ಮುಗೀತು. ನೋವಿಗೆ ಔಷಧಿ, ಮೂಳೆಯ ಚಿತ್ರ ತೆಗೆಯೋದು, ಅದೆಲ್ಲ ಡಾಕ್ಟರಮ್ಮನ ಕೆಲಸ. ಫೋನ್ ಮಾಡು."

"ನೀವೇ ಮಾಡಿ. ನನ್ನ ದನಿ ಕೇಳಿದ್ರೆ ಅವ್ರು ನಂಬಲ್ಲ."

"ನಂಗೆ ನಂಬರು ಕಾಣಲ್ಲ," ಎಂದರು ನ್ಯಾನಿ, ನೂರು ಗಜ ದೂರದ ಕುದುರೆಯ ಕಾಲಿನಲ್ಲಿ ಮುಳ್ಳು ಕಾಣುವವರು. "ಬೆರಳು ಇಟ್ಟೋಳು ನೀನು. ನೀನೇ ಹೇಳು."

ಮನಾಹಿ ಈ ಸಲ ಆಂಬುಲೆನ್ಸ್ ಎನ್ನಲಿಲ್ಲ. ಫೋನು ತಂದು ಕೈಗೆ ಕೊಟ್ಟ.

"ಓ, ವೈಪೂನಾದ ರಿಪೇಕ!" ಲೊರೇನಳ ದನಿಯಲ್ಲಿ ಆಗಲೇ ನಗು ಇತ್ತು. "ಇವತ್ತು ಯಾರು ಮಲಗಿದ್ದಾರೆ?"

"ಯಾರೂ ಮಲಗಿಲ್ಲ," ಎಂದೆ. ಮಾತು ಸಾಲಾಗಿ ಬಂತು. "ಮಗಳ ಕುದುರೆ, ನಿನ್ನೆ ಸಂಜೆಯಿಂದ ಹಿಮ್ಮಡಿ ಮೇಲೆ ಭಾರ ಹಾಕಿ ನಿಂತಿದೆ. ಮುಂದಿನ ಎರಡೂ ಗೊರಸು ಬಿಸಿ. ಗಂಟಿನ ಹಿಂದೆ ನಾಡಿ ಜೋರಾಗಿ ಬಡೀತಿದೆ. ಕುತ್ತಿಗೆಯ ಕೊಬ್ಬು ಅಲುಗ್ತಿಲ್ಲ. ಅರ್ಧ ಗಂಟೆಯಿಂದ ಮಂಜಿನ ನೀರಲ್ಲಿ ನಿಲ್ಲಿಸಿದ್ದೀವಿ."

ಆ ಕಡೆ ಕುರ್ಚಿ ಸರಿದ ಶಬ್ದ, ಬೇರೆ ದನಿ. ಡಾಕ್ಟರಮ್ಮ. "ನಿನ್ನೆ ಸಂಜೆಯಿಂದ ಅಂದ್ರಾ? ಒಳ್ಳೇ ಹೊತ್ತಿಗೆ ಹಿಡಿದಿದ್ದೀರಿ. ಮಂಜು ಹಾಗೇ ಇರಲಿ, ನಡೆಸ್ಬೇಡಿ. ಬೇಸಿಗೆ ರಜೆಗೆ ನಿಮ್ಮ ಮಗಳು ಮತ್ತೆ ಇದರ ಮೇಲೆ ಕೂರ್ತಾಳೆ ಅಂತ ನಂಗೆ ಅನ್ಸುತ್ತೆ. ಹುಲ್ಲು ಬಿಟ್ಟು ಬೇರೆ ಏನಾದ್ರೂ ತಿಂದಿತ್ತಾ? ಧಾನ್ಯ, ಬ್ರೆಡ್ಡು? ಎಷ್ಟು ಅಂತ ಸರಿಯಾಗಿ ಹೇಳಿ, ಮುಚ್ಚಿಡ್ಬೇಡಿ."

ನ್ಯಾನಿ ಎರಡು ಹೆಜ್ಜೆ ದೂರದಲ್ಲಿ ಪುಕುವಿನ ಹಣೆ ಕೆರೆಯುತ್ತಿದ್ದರು. ನಾನು ಕಣ್ಣು ಮುಚ್ಚಿಕೊಂಡೆ.

"ಬ್ರೆಡ್ಡು," ಎಂದೆ. "ಮದುವೆಯ ಬ್ರೆಡ್ಡು. ನಾನು ಕೊಟ್ಟಿದ್ದು. ಆರು."

ಕೆರೆಯುವ ಸದ್ದು ನಿಂತಿತು. ಬೈಗುಳಕ್ಕೆ ಕಾದೆ. ಬರಲಿಲ್ಲ. ಕಣ್ಣು ಬಿಟ್ಟು ನೋಡಿದರೆ ನ್ಯಾನಿ ಕಡಲಿನ ಕಡೆಗೆ ನೋಡುತ್ತಿದ್ದರು, ಕಿವಿ ಕೆಂಪಾಗಿತ್ತು.

"ಒಂಬತ್ತು ಅನ್ನು," ಎಂದರು ಮೆಲ್ಲಗೆ.

"ಏನು ನ್ಯಾನಿ?"

"ಒಂಬತ್ತು ಅಂತ ಹೇಳೇ! ನಮ್ಮನೇಲೂ ಉಳಿದಿತ್ತು. ಬೇಲಿ ಮೇಲಿಂದ ಮುಖ ಹಾಕಿ ನೋಡ್ತಿತ್ತು, ಪಾಪ, ಊಟ ಹಾಕೋರೇ ಇಲ್ಲವೇನೋ ಅನ್ನೋ ಹಾಗೆ."

ಸಲಿಕೆ ಹಿಡಿದಿದ್ದ ಮನಾಹಿ ಕೆಮ್ಮಿದ. ಇಬ್ಬರೂ ಅವನ ಕಡೆ ತಿರುಗಿದೆವು.

"ಹಾಗಾದ್ರೆ," ಎಂದ ಅವನು, ಮರಳಿನ ಕಡೆಗೆ ನೋಡುತ್ತ, "ಹತ್ತು."

ಫೋನಿನಲ್ಲಿ ಡಾಕ್ಟರಮ್ಮ ಕೇಳುತ್ತಿದ್ದರು: "ಹಲೋ? ಎಷ್ಟು ಅಂದ್ರಿ? ಅಲ್ಲಿ ಯಾಕೆ ಎಲ್ರೂ ನಗ್ತಿದ್ದೀರಿ?"