ಬೇರಿಂಗ್ ಬರುವವರೆಗೆ

ನನಗೆ ಒಂದೇ ಊರಿನಲ್ಲಿ ಬಹಳ ದಿನ ಇರಲಾಗುವುದಿಲ್ಲ. ಆಸ್ಟ್ರೇಲಿಯಾಕ್ಕೆ ಬಂದ ಹೊಸತರಲ್ಲಿ ಪರ್ತ್‌ನಲ್ಲಿದ್ದೆವು. ಅಲ್ಲಿಂದ ಬ್ರಿಸ್ಬೇನ್‌ನ ರನ್‌ಕಾರ್ನ್‌ಗೆ ಹೋದೆವು, ರನ್‌ಕಾರ್ನ್‌ನಿಂದ ಅಡಿಲೇಡ್‌ಗೆ ಬಂದೆವು. ಎರಡು ಸಲವೂ ಹೊರಡೋಣ ಎಂದವಳು ನಾನೇ. ಡಾಕ್ಟರಿಗೆ ಎಲ್ಲಿ ಹೋದರೂ ಆಸ್ಪತ್ರೆ ಸಿಗುತ್ತದೆ, ಎಂಜಿನಿಯರ್ ಗಂಡನಿಗೂ ಕೆಲಸ ಸಿಗುತ್ತದೆ ಎಂಬ ಧೈರ್ಯ. ಮೈಸೂರಿನಿಂದ ಅಮ್ಮ ಫೋನಿನಲ್ಲಿ, "ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟಿದೀಯ ನೀನು" ಎಂದು ಬಯ್ಯುತ್ತಿದ್ದರು.

ಅಡಿಲೇಡ್‌ನಲ್ಲಿ ನಮ್ಮ ಮನೆ ಮಾಸನ್ ಲೇಕ್ಸ್‌ನಲ್ಲಿತ್ತು. ಇವರ ಆಫೀಸು ನಡೆದು ಹೋಗುವಷ್ಟು ಹತ್ತಿರ. ನನ್ನ ಆಸ್ಪತ್ರೆ ಮಾತ್ರ ಊರಿನ ಆ ತುದಿಗೆ, ಬೆಡ್‌ಫರ್ಡ್ ಪಾರ್ಕ್‌ನಲ್ಲಿ. ದಿನವೂ ಅಷ್ಟು ದೂರ ಕಾರು ಓಡಿಸುತ್ತೀಯಲ್ಲ ಎಂದು ಎಲ್ಲರೂ ಮರುಗುತ್ತಿದ್ದರು. ನನಗೋ ದಿನದಲ್ಲಿ ಹಿತವಾದ ಹೊತ್ತೆಂದರೆ ಅದೇ. ಎರಡನೆಯ ಚಳಿಗಾಲಕ್ಕೆ ಮತ್ತೆ ಒಳಗೊಳಗೇ ಚಡಪಡಿಕೆ ಶುರುವಾಯಿತು. ಹೋಬಾರ್ಟ್‌ನ ಆಸ್ಪತ್ರೆಯೊಂದರ ಜಾಹೀರಾತು ನೋಡುತ್ತಾ ಕುಳಿತಿದ್ದಾಗ ಇವರು ಹಿಂದೆ ಬಂದು ನಿಂತರು.

"ಇನ್ನೊಂದ್ಸಲ ಮನೆ ಕಿತ್ಕೊಂಡು ಹೋಗಕ್ಕೆ ನನ್ನಿಂದಾಗಲ್ಲ ಕಣೇ. ಬೇಕಾದ್ರೆ ಓಡೋ ಮನೆ ಒಂದು ತಗೋ."

ತಮಾಷೆಗೆ ಆಡಿದ ಮಾತು. ನಾನು ಅದನ್ನೇ ಹಿಡಿದುಕೊಂಡು ತಿಂಗಳೊಳಗೆ ಹಳೆಯದೊಂದು ಮೋಟರ್‌ಹೋಮ್ ತಂದು ಮನೆ ಮುಂದೆ ನಿಲ್ಲಿಸಿದೆ. ಒಳಗೇ ಅಡುಗೆ ಕಟ್ಟೆ, ಮಂಚ, ಪುಟ್ಟ ಬಚ್ಚಲು ಎಲ್ಲ ಇರುವ ಉದ್ದನೆಯ ವ್ಯಾನು. ಆ ವಸಂತದಲ್ಲಿ ಅಡಿಲೇಡ್‌ನಿಂದ ಉತ್ತರಕ್ಕೆ ಎರಡು ಗಂಟೆ ದೂರದ ಸಣ್ಣ ಊರಿನಲ್ಲಿ ಇಂಥ ಗಾಡಿಗಳವರೆಲ್ಲ ಸೇರುವ ರ‍್ಯಾಲಿ ಇದೆಯೆಂದು ಗೊತ್ತಾಯಿತು. ನನ್ನಂತೆ ನಿಂತಲ್ಲಿ ನಿಲ್ಲಲಾರದ ಜನ ಅಲ್ಲಿ ಸಿಗುತ್ತಾರೆಂದು ಹೆಸರು ಬರೆಸಿದೆ. ಹದಿಮೂರರ ಮಗಳು ಮುಖ ಊದಿಸಿಕೊಂಡೇ ಹತ್ತಿದಳು.

ದಾರಿಯಲ್ಲಿ ಹಿಂದಿನ ಚಕ್ರದಿಂದ ಗೊರಗೊರ ಸದ್ದು ಬರತೊಡಗಿತು. ರ‍್ಯಾಲಿಯ ಮೈದಾನದಲ್ಲೇ ಸರ್ವೀಸ್ ಮಾಡುವ ಶೆಡ್ಡು ಇತ್ತು. ಮೆಕ್ಯಾನಿಕ್ ಗಾಡಿಯನ್ನು ಜ್ಯಾಕ್ ಮೇಲೆತ್ತಿ, ಚಕ್ರವನ್ನು ಕೈಯಲ್ಲಿ ತಿರುಗಿಸಿ ನೋಡಿ, ಬೇರಿಂಗ್ ಹೋಗಿದೆ ಎಂದ. ಈ ಹಳೆಯ ಮಾಡೆಲ್ಲಿಗೆ ಹೊಂದುವ ಬೇರಿಂಗ್ ಪರ್ತ್‌ನಿಂದ ಬರಬೇಕು, ಅಲ್ಲಿಯವರೆಗೆ ಗಾಡಿ ಕದಲಿಸುವಂತಿಲ್ಲ.

ಇವರು ನಕ್ಕುಬಿಟ್ಟರು. "ನೋಡು, ನೀನು ಬಿಟ್ಬಂದ ಊರೇ ನಿನ್ನ ಕಾಲು ಹಿಡ್ಕೊಂತು."

ಗಾಡಿ ಶೆಡ್ಡಿನ ಪಕ್ಕದಲ್ಲೇ ನಿಂತಿತು. ನಾವು ಅದರೊಳಗೇ ಉಳಿದೆವು.

ಮರುದಿನ ಮೈದಾನ ಸುತ್ತಿದಾಗ ನನಗೆ ದಿಗಿಲಾಯಿತು. ಯಾರೂ ಎಲ್ಲಿಗೂ ಹೊರಡುವವರಲ್ಲ. ದೇಶವನ್ನೇ ಸುತ್ತಿ ಬಂದವರು ಇಲ್ಲಿ ಬಾಗಿಲ ಮುಂದೆ ಚಾಪೆ ಹಾಸಿ, ಹೂವಿನ ಕುಂಡ ಜೋಡಿಸಿ, ಮಡಚುವ ಕುರ್ಚಿಗಳಲ್ಲಿ ನೆಮ್ಮದಿಯಾಗಿ ಕುಳಿತಿದ್ದರು. ಬೆಳಿಗ್ಗೆ ಮೀಟಿಂಗು, ಮಧ್ಯಾಹ್ನ ಹುಲ್ಲಿನ ಮೇಲೆ ಚೆಂಡು ಉರುಳಿಸುವ ಬೌಲ್ಸ್ ಆಟ, ಸಂಜೆ ಕೆಂಡದ ಮೇಲೆ ಸುಟ್ಟು ತಿನ್ನುವ ಬಾರ್ಬಿ. ಪ್ರಯಾಣವೆಂದರೆ ಮೂಗು ಮುರಿಯುತ್ತಿದ್ದ ಇವರು ಇಲ್ಲಿ ಅರಳಿಬಿಟ್ಟರು. ಯಾರದೋ ಸೋಲಾರ್ ವೈರು ಸರಿಮಾಡಿಕೊಟ್ಟರು. ಅರ್ಧ ಮೈದಾನಕ್ಕೆ ಬಿಸಿಬೇಳೆಭಾತ್ ಹಂಚಿದರು. ಮಗಳು ಯಾರದೋ ಎರಡು ನಾಯಿಗಳ ಜವಾಬ್ದಾರಿ ಹೊತ್ತಳು.

"ಅಮ್ಮಾ, ಕ್ಯಾನ್ ವಿ ಸ್ಟೇ ಟಿಲ್ ಸಂಡೇ?"

"ಹೋಗಬೇಕು ಅಂದ್ರೂ ಹೆಂಗೆ ಹೋಗ್ತೀಯ, ಚಕ್ರಾನೇ ಇಲ್ಲ" ಎಂದು ರೇಗಿದೆ.

ನಾನು ಬೇಲಿಯುದ್ದಕ್ಕೂ ನಡೆದೆ. ಸುತ್ತು ಮುಗಿಸಿ ಮತ್ತೆ ನಡೆದೆ. ಪಾರ್ಸೆಲ್ ಬಂತೇ ಎಂದು ಕೇಳಲು ಹೋದರೆ ಮೆಕ್ಯಾನಿಕ್ ದೂರದಿಂದಲೇ ಇಲ್ಲವೆಂದು ತಲೆಯಾಡಿಸುತ್ತಿದ್ದ.

ನಮ್ಮ ಪಕ್ಕದ ಗಾಡಿಯಲ್ಲಿ ಎಂಬತ್ತು ದಾಟಿದ ಮುದುಕಿಯೊಬ್ಬಳಿದ್ದಳು. ಕಣ್ಣು ಮಂಜಾಗಿ ಲೈಸೆನ್ಸ್ ಹೋಗಿತ್ತು. ಮಗ ಗಾಡಿಯನ್ನು ಇಲ್ಲಿಗೆ ತಂದು ನಿಲ್ಲಿಸಿ ಹೋಗಿದ್ದ, ಭಾನುವಾರ ಬಂದು ಕರೆದೊಯ್ಯುವವನಿದ್ದ. ಬೆಳಗಿನ ಚಹಾವನ್ನು ಆಕೆ ಡ್ರೈವರ್ ಸೀಟಿನಲ್ಲಿ ಕುಳಿತು, ಒಂದು ಕೈ ಸ್ಟಿಯರಿಂಗ್ ಮೇಲಿಟ್ಟು ಕುಡಿಯುತ್ತಿದ್ದಳು. ನಾನು ಮತ್ತೆ ಸುತ್ತು ಹೊರಟಾಗ ಕಿಟಕಿಯಿಂದ ಕೇಳಿದಳು: "ನಿನಗೂ ಕೂತ್ಕೊಳ್ಳಕ್ಕಾಗ್ತಿಲ್ಲ, ಅಲ್ವಾ?"

ನಾಲ್ಕನೆಯ ದಿನ ಬೇರಿಂಗ್ ಬಂತು. ಮಧ್ಯಾಹ್ನದ ಹೊತ್ತಿಗೆ ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತಾ, ಹತ್ತು ಕಿಲೋಮೀಟರು ಓಡಿಸಿ, ಚಕ್ರದ ನಡುವೆ ಕೈಯಿಟ್ಟು ಬಿಸಿಯಾಗಿದೆಯೇ ನೋಡಿಕೊಂಡು ಬನ್ನಿ ಎಂದ. ಇವರು ಬೌಲ್ಸ್ ಆಟದಲ್ಲಿ ಮುಳುಗಿದ್ದರು. ನಾನು ಗಾಡಿ ಶುರುಮಾಡಿದೆ. ಪಕ್ಕದಲ್ಲಿ ನೋಡಿದರೆ ಮುದುಕಿ ಆಗಲೇ ಹ್ಯಾಟು ಹಾಕಿ, ಕೈಚೀಲ ಹಿಡಿದು ನಿಂತಿದ್ದಾಳೆ.

"ನಾನೂ ಬರಲಾ?"

ಹತ್ತಿಸಿಕೊಂಡೆ. ಎರಡೂ ಕಡೆ ಹಳದಿ ಹೂ ಬಿಟ್ಟ ಹೊಲಗಳು. ಹತ್ತು ಕಿಲೋಮೀಟರಿಗೆ ನಿಲ್ಲಿಸಿ, ಇಳಿದು, ಮುಟ್ಟಿ ನೋಡಿದೆ. ಬೆಚ್ಚಗಿತ್ತು, ಅಷ್ಟೇ. ತಿರುಗಿ ಹೋಗಬೇಕು. ಮುದುಕಿ ಮುಂದಿನ ಗುಡ್ಡವನ್ನೇ ನೋಡುತ್ತಿದ್ದಳು.

"ಅದರಾಚೆ ಏನಿದೆ?" ಎಂದೆ.

"ಗೊತ್ತಿಲ್ಲ. ಈ ದಾರೀಲಿ ಬಂದೇ ಇಲ್ಲ."

ಗುಡ್ಡದಾಚೆ ಇನ್ನೊಂದು ಊರಿತ್ತು. ಅಲ್ಲಿನ ಪೆಟ್ರೋಲ್ ಬಂಕಿನಲ್ಲಿ ಡೀಸೆಲ್ ತುಂಬಿಸಿ ಚಹಾ ಕುಡಿದೆವು. ಆಮೇಲೆ ರಸ್ತೆ ಪಡುವಣಕ್ಕೆ ಇಳಿಯುತ್ತಾ ಹೋಯಿತು. ನಾವೂ ಇಳಿದೆವು. ಕೊನೆಗೆ ರಸ್ತೆಯೇ ಮುಗಿದು ಸಮುದ್ರ ಬಂತು. ನೀರಿನೊಳಕ್ಕೆ ಚಾಚಿದ ಮರದ ಜೆಟ್ಟಿಯ ಮೇಲೆ ಆಕೆ ನನ್ನ ತೋಳು ಹಿಡಿದು ತುದಿಯವರೆಗೂ ನಡೆದಳು.

"ಗಂಡ ಹೋದ್ಮೇಲೆ ಎಲ್ಲರೂ ನನ್ನನ್ನ ಕೂರಿಸ್ತಾನೇ ಇದಾರೆ. ಕೂತ್ಕೋ ಅಮ್ಮ, ಕೂತ್ಕೋ ಅಜ್ಜಿ." ಹಾರುತ್ತಿದ್ದ ಹ್ಯಾಟನ್ನು ಒತ್ತಿ ಹಿಡಿದು ಹೇಳಿದಳು: "ಅವನಿಗೆ ಈ ತಿರುಗಾಟ ಇಷ್ಟಾನೇ ಇರ್ಲಿಲ್ವಂತೆ. ಮಣ್ಣು ಮಾಡಿ ಬಂದ ದಿನ ಮಗ ಹೇಳಿದ. ಮೂವತ್ತು ವರ್ಷ ನನ್ನ ಜೊತೆ ತಿರುಗಿದಾನೆ, ಒಂದು ಸಲಾನೂ ಹೇಳ್ಲಿಲ್ಲ."

ಅಂಥದ್ದನ್ನು ಅಂಥ ದಿನವೇ ಹೇಳಿದ ಮಗನ ಮೇಲೆ ನನಗೆ ಸಿಟ್ಟು ಬಂತು. ಅಷ್ಟರಲ್ಲಿ ಫೋನು ಬಡಿದುಕೊಂಡಿತು.

"ಎಲ್ಲಿದೀಯಾ? ಗಾಡಿ ಎಲ್ಲಾದ್ರೂ ನಿಂತೋಯ್ತಾ ಅಂತ ಮೆಕ್ಯಾನಿಕ್ ಕೇಳ್ತಿದಾನೆ."

"ಇಲ್ಲ ರೀ. ಸಮುದ್ರದ ಹತ್ರ ಇದೀವಿ. ಪಕ್ಕದ ಅಜ್ಜೀನೂ ಇದಾರೆ."

"ಸಮುದ್ರಾನಾ!" ಎಂದರು. "ಸರಿ, ಕತ್ತಲಾಗೋದ್ರೊಳಗೆ ಬಂದ್ಬಿಡು. ಕಾಂಗರೂ ಅಡ್ಡ ಬರ್ತವೆ."

ಹಿಂದಿರುಗುವಾಗ ಮುದುಕಿ ನಿದ್ದೆ ಹೋದಳು. ಮೊದಲ ಬಾರಿಗೆ ನನಗೆ ಬೇಗ ತಲುಪಬೇಕೆನ್ನಿಸಿತು.

ಅಂದು ಊಟವಾದ ಮೇಲೆ ಇವರು ಪಾತ್ರೆ ತೊಳೆಯುತ್ತಿದ್ದಾಗ ಕೇಳಿಯೇಬಿಟ್ಟೆ: "ಊರು ಬಿಟ್ಬಂದಿದ್ದು ನಿಮಗೆ ಬೇಜಾರಾಗಿತ್ತಾ?"

"ಪರ್ತ್ ಬಿಟ್ಟಾಗ ಇಲ್ಲ. ರನ್‌ಕಾರ್ನ್ ಬಿಟ್ಟಾಗ ಆಯ್ತು."

"ಹೇಳಬಾರದಿತ್ತಾ?"

"ಹೇಳಿದ್ರೆ ನೀನು ನಿಂತ್ಬಿಡ್ತಿದ್ದೆ. ನಿಂತ್ಕೊಂಡು, ಆ ಗೋಡೆಯಿಂದ ಈ ಗೋಡೆಗೆ ಓಡಾಡ್ತಿದ್ದೆ. ಅದನ್ನ ಯಾರು ನೋಡ್ತಾರೆ?" ಎಂದು ತಟ್ಟೆ ಒರೆಸಿಟ್ಟರು.

ಮೇಲಿನ ಮಂಚದಿಂದ ಮಗಳ ದನಿ ಬಂತು: "ಐ ಲೈಕ್ಡ್ ರನ್‌ಕಾರ್ನ್ ಟೂ."

ಇವರು ಒರೆಸಿಟ್ಟ ತಟ್ಟೆಯನ್ನೇ ನಾನು ಮತ್ತೆ ಒರೆಸಿದೆ.

ಭಾನುವಾರದವರೆಗೆ ಅಲ್ಲೇ ಇದ್ದೆವು. ನಾನು ಬೌಲ್ಸ್ ಆಡಲು ಹೋಗಿ ಕೆಟ್ಟದಾಗಿ ಸೋತೆ. ಮುದುಕಿಯ ಮಗ ಬಂದಾಗ ಆಕೆ ನಮ್ಮ ಸಮುದ್ರದ ಸುದ್ದಿ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಹೋಬಾರ್ಟ್‌ಗೆ ಅರ್ಜಿ ಹಾಕಲಿಲ್ಲ. ಬದಲಿಗೆ ಇವರೊಂದಿಗೆ ಒಂದು ಒಪ್ಪಂದವಾಯಿತು. ವರ್ಷಕ್ಕೊಂದು ರ‍್ಯಾಲಿಗೆ ಎಲ್ಲರೂ ಹೋಗುವುದು, ಅಲ್ಲಿ ಇವರು ಮನಸಾರೆ ಕೂರುವುದು. ಉಳಿದಂತೆ ನನಗೆ ರಜೆ ಸಿಕ್ಕಾಗ ಗಾಡಿ ನನ್ನದು, ಎಲ್ಲಿಗೆಂದು ಯಾರೂ ಕೇಳುವಂತಿಲ್ಲ. ಇದರಿಂದ ಚಡಪಡಿಕೆ ಹೋಯಿತೆಂದು ಹೇಳಲಾರೆ. ಈಗಲೂ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತಾಗ ಹೆಬ್ಬೆರಳು ಬೂಟಿನೊಳಗೆ ಮಿಸುಕುತ್ತಿರುತ್ತದೆ. ಮುದುಕಿ ಆಗಾಗ ಫೋನು ಮಾಡುತ್ತಾಳೆ. ಕ್ಷೇಮ ಸಮಾಚಾರವೆಲ್ಲ ಆಕೆಗೆ ಬೇಡ.

"ಗುರುವಾರ ನಿನಗೆ ರಜೆ ಇದೆಯಾ?" ಎಂದಷ್ಟೇ ಕೇಳುತ್ತಾಳೆ.