ತಾಯಕ್ಕ ಒತ್ತದ ಹಸಿರು ಗುಂಡಿ

ಮೆಟ್ರಿ ಊರಿನ ತಾಯಕ್ಕ ಸಂಡೂರಿನ ಗುಡ್ಡದಲ್ಲಿ ಐದು ವರ್ಷದಿಂದ ಸುತ್ತಿಗೆಯಲ್ಲಿ ಕಬ್ಬಿಣದ ಅದಿರು ಒಡೆಯುತ್ತಿದ್ದಳು. ಆ ಧೂಳಿನಲ್ಲಿ ಯಾರು ಉಗುಳಿದರೂ ಕೆಂಪೇ. ಹಾಗಾಗಿ ತನ್ನ ಉಗುಳಿನಲ್ಲಿ ರಕ್ತವೂ ಇದೆ ಎಂಬುದನ್ನು ಅವಳು ಸುಲಭವಾಗಿ ಬಚ್ಚಿಟ್ಟಿದ್ದಳು. ಬಚ್ಚಿಡಲೇಬೇಕಿತ್ತು. ರಕ್ತ ಕೆಮ್ಮುವವರನ್ನು ಮೇಸ್ತ್ರಿ ಉಜ್ಜಿನಪ್ಪ ಅಂದೇ ಕೆಲಸದಿಂದ ಬಿಡಿಸುತ್ತಿದ್ದ.

೨೦೦೬ರಲ್ಲಿ ಬೆಂಗಳೂರಿನ ಸಂಸ್ಥೆಯೊಂದು ಕೂಲಿಗಳ ಆರೋಗ್ಯ ಸಮೀಕ್ಷೆಗೆಂದು ಲ್ಯಾಪ್‌ಟಾಪ್ ತಂದಿತು. ಎದುರಿಗೆ ಮನುಷ್ಯರು ಕೂತು ಕೇಳಿದರೆ ಕೂಲಿಗಳು ನಿಜ ಹೇಳುವುದಿಲ್ಲವಂತೆ. ಪ್ರಶ್ನೆ ಹೆಡ್‌ಫೋನಿನಲ್ಲಿ ಕೇಳಿಸುತ್ತದೆ; ಹೌದಾದರೆ ಹಸಿರು ಚೀಟಿ ಅಂಟಿಸಿದ ಗುಂಡಿ, ಇಲ್ಲವಾದರೆ ಕೆಂಪು. ಪಕ್ಕದಲ್ಲಿ ನಿಂತವರಿಗೂ ಗೊತ್ತಾಗದು. ಮೊದಲೇ ರೆಕಾರ್ಡ್ ಮಾಡಿಟ್ಟ ಆ ಪ್ರಶ್ನೆಗಳಿಗೆ ದನಿ ನನ್ನದು. ಹೊಸಪೇಟೆಯಲ್ಲಿ ಮದುವೆಯಾಗಲಿ ಶ್ರದ್ಧಾಂಜಲಿಯಾಗಲಿ, ಸಿಕ್ಕ ಮೈಕು ಬಿಡದ ಕನ್ನಡ ಮೇಷ್ಟ್ರು ನಾನು. "ಮನೆಯವರನ್ನ ಮಾತಾಡಿಸೋ ಹಾಗೆ ಕೇಳಿ ಸಾರ್" ಎಂದು ಸಂಸ್ಥೆಯವರು ಅಂದದ್ದೇ ತಡ, ಒಂದೊಂದು ಪ್ರಶ್ನೆಗೂ ಬೆಲ್ಲ ಸುರಿದೆ; ಯಾರಿಗೂ ಹೇಳುವುದಿಲ್ಲ ಎಂದು ಮಾತೂ ಕೊಟ್ಟೆ.

ಸಮೀಕ್ಷೆಯ ದಿನ ನಾನೂ ಜೊತೆಗೆ ಹೋಗಿದ್ದೆ. ಕರೆಂಟಿದ್ದದ್ದು ಮೇಸ್ತ್ರಿಯ ತಗಡಿನ ಶೆಡ್ಡಿನಲ್ಲಿ ಮಾತ್ರ. ಅವನನ್ನು ಹೊರಗೆ ಕಳಿಸಿದೆವು. ಬಾಗಿಲ ಪಕ್ಕದಲ್ಲೇ ಬೀಡಿ ಹಚ್ಚಿ ಕುಳಿತ.

ತಾಯಕ್ಕ ಸೆರಗಿನ ಮೇಲೆಯೇ ಹೆಡ್‌ಫೋನ್ ಹಾಕಿಸಿಕೊಂಡಳು. ಊಟವಾಯಿತೇ ಎಂಬುದು ನನ್ನ ಮೊದಲ ಪ್ರಶ್ನೆ.

"ಆತ್ರೀ ಸರ್! ನಿಮ್ದು?" ಎಂದು ಕೂಗಿದಳು. ಕಿವಿ ಮುಚ್ಚಿದವರಿಗೆ ತಮ್ಮ ದನಿಯ ಅಳತೆ ತಿಳಿಯದು.

"ಯಾರ ಕೂಡ ಮಾತಾಡಕತ್ತಿ ತಾಯಕ್ಕಾ, ಗಂಡನ ಕೂಡೇನ?" ಎಂದು ಹೊರಗಿನ ಸಾಲಿನಿಂದ ಬಸಕ್ಕ ಕೆಣಕಿದಳು. ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ.

"ಬಾಯಿಲೆ ಬ್ಯಾಡವ್ವ, ಗುಂಡಿ ಒತ್ತು" ಎಂದೆ. ಕೇಳಿಸಲಿಲ್ಲ, ಅವಳ ಕಿವಿಯಲ್ಲಿ ಆಗಲೇ ಇನ್ನೊಬ್ಬ ನಾನಿದ್ದೆ. ದೊಡ್ಡವರು ಅಷ್ಟು ಪ್ರೀತಿಯಿಂದ ಕೇಳುವಾಗ ಬಾಯಿ ಮುಚ್ಚಿಕೊಂಡು ಗುಂಡಿ ಒತ್ತುವುದು ಅವಳಿಗೆ ಸೊಕ್ಕಿನಂತೆ ಕಂಡಿರಬೇಕು. ಕೆಮ್ಮಿನ ಪ್ರಶ್ನೆಯ ಸರದಿ ಬಂತು.

"ಹೂನ್ರೀ, ರಕ್ತ ಬೀಳ್ತೈತ್ರೀ! ಉಗಾದಿಯಿಂದ. ಯಾರ ಮುಂದೂ ಅಂದಿಲ್ರೀ, ನಿಮ್ಮ ಮುಂದ ಅಷ್ಟ ಅಂತೀನಿ."

ನಗು ನಿಂತಿತು. ಉಜ್ಜಿನಪ್ಪ ಬೀಡಿ ಹೊಸಕಿ ಒಳಗೆ ಬಂದ. ಹೆಡ್‌ಫೋನನ್ನು ತಾನೇ ಮೆಲ್ಲಗೆ ತೆಗೆದ.

"ನಾಳಿಂದ ಬರಬ್ಯಾಡವ್ವ. ಸುತ್ತಿಗಿ ಇಲ್ಲೇ ಇಟ್ಟು ಹೋಗು."

"ಯಣ್ಣಾ, ಯಾರಿಗೂ ಹೇಳಾಂಗಿಲ್ಲ ಅಂದಾರ ಆ ಸರ್ರು!"

ಆ ಸರ್ರು ಅಲ್ಲೇ ನಿಂತಿದ್ದರು. ಹೆಡ್‌ಫೋನ್ ಇಸಿದುಕೊಂಡು ಮುಂದಿನವಳನ್ನು ಕರೆದರು.

ಸಾಲಿನಲ್ಲಿದ್ದ ಉಳಿದ ಮೂವತ್ತು ಹೆಂಗಸರು ಒಬ್ಬೊಬ್ಬರಾಗಿ ಬಂದು, ಪ್ರಶ್ನೆ ಮುಗಿಯುವ ಮೊದಲೇ ಕೆಂಪು ಗುಂಡಿ ಒತ್ತಿ ಎದ್ದುಹೋದರು. ಬಸಕ್ಕನಿಗೆ ನಡುವೆ ಕೆಮ್ಮು ಬಂತು. ಸೆರಗನ್ನು ಬಾಯಿಗೆ ತುರುಕಿಕೊಂಡು ಕೆಂಪನ್ನೇ ಒತ್ತಿದಳು.